ಸೂರ್ಯನ ಕುದುರೆ: ಮನೆಯಲ್ಲಿ ಸಾಕಿ ನೋಡುವ ಬಗೆ

ಶೀಗಿ ಹುಣ್ಣಿವೆಯ ದಿನ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದ ಒಕ್ಕಲು ಮನೆತನದವರು ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರನ್ನು ಪೂಜಿಸಿ, ಚರಗ ಚೆಲ್ಲಿ, ಬದುವಿನ ಮೇಲೆ ಕುಳಿತು ಬುತ್ತಿಯುಣ್ಣುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಹಿರಿಯರು ಪೂಜೆಯಲ್ಲಿ ತೊಡಗಿರುವಾಗ ಮಕ್ಕಳು ಬದುಗುಂಟ ಅಲೆಯುತ್ತಾರೆ. ಆಗ ಅವರ ಕಣ್ಣಿಗೆ ಬೀಳುವ ಜೀವಿಗಳಲ್ಲಿ ಅತ್ಯಂತ ವಿಚಿತ್ರವಾದುದು, ಗೋವಿನಜೋಳದ ಗರಿಯ ಮೇಲೋ ತಂಗಡಿಯ ಟೊಂಗೆಯ ಮೇಲೋ ಮುಂಗಾಲುಗಳನ್ನು ಎದೆಗೆ ಮಡಿಚಿಕೊಂಡು, ಕೈಮುಗಿದಂತೆ ನಿಶ್ಚಲವಾಗಿ ನಿಂತ ಬೆರಳುದ್ದದ ಹಸುರು ಹುಳು. ಹತ್ತಿರ ಹೋದರೂ ಅದು ಓಡುವುದಿಲ್ಲ. ಮೂರು ಮೂಲೆಯ ಪುಟ್ಟ ತಲೆಯನ್ನು ಹೊರಳಿಸಿ ಬಂದವರನ್ನು ದಿಟ್ಟಿಸಿ ನೋಡುತ್ತದೆ. ಹೀಗೆ ಕತ್ತು ತಿರುಗಿಸಿ ಹಿಂದಕ್ಕೆ ನೋಡಬಲ್ಲ ಕೀಟಗಳು ತೀರ ವಿರಳ.

ಕನ್ನಡದಲ್ಲಿ ಇದಕ್ಕೆ ‘ಸೂರ್ಯನ ಕುದುರೆ’ ಎಂಬ ಹೆಸರುಂಟು. ಕೆಲವೆಡೆ ಮಿಡತೆಗೂ ಇದೇ ಹೆಸರು ಸಲ್ಲುವುದರಿಂದ ಇವೆರಡೂ ಒಂದೇ ಕುಲದವೆಂದು ತಿಳಿದವರು ಬಹಳ. ಆದರೆ ಹೆಸರಿನಿಂದ ಕುಲವನ್ನು ನಿಶ್ಚಯಿಸಲಾಗದು. ಸವಣೂರಿನ ‘ದೊಡ್ಡ ಹುಣಸೆ’ ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೊಬಾಬ್ ಮರ. ಅದರಂತೆಯೇ ಸೂರ್ಯನ ಕುದುರೆಯೂ ಮಿಡತೆಯಲ್ಲ. ಮಿಡತೆ ಸೊಪ್ಪು ಮೇಯುವ ಜೀವಿ. ಇದು ಬೇಟೆಯಾಡಿ ಬದುಕುವ ಜೀವಿ. ವಂಶಸಂಬಂಧದಲ್ಲಿ ಇದಕ್ಕೆ ತೀರ ಹತ್ತಿರದವು ಜಿರಳೆ ಮತ್ತು ಗೆದ್ದಲು ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ವಿಜ್ಞಾನಿಗಳು ಮ್ಯಾಂಟಿಸ್ ಎಂದು ಕರೆಯುವ ಈ ಗುಂಪಿನಲ್ಲಿ ಜಗತ್ತಿನಾದ್ಯಂತ 2,400ಕ್ಕೂ ಹೆಚ್ಚು, ಭಾರತದಲ್ಲಿಯೇ 160ಕ್ಕೂ ಹೆಚ್ಚು ಜಾತಿಗಳಿವೆ. ಮ್ಯಾಂಟಿಸ್ ಎಂಬುದು ಕಾಲಜ್ಞಾನಿ ಎಂಬ ಅರ್ಥದ ಗ್ರೀಕ್ ಶಬ್ದ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಯುರೋಪಿನ ಜಾತಿಯೊಂದಕ್ಕೆ ಹೆಸರಿಡುವಾಗ ಧರ್ಮನಿಷ್ಠ ಎಂಬರ್ಥದ ವಿಶೇಷಣವನ್ನೂ ಸೇರಿಸಿದನು. ಯುರೋಪಿನ ಪಂಡಿತರ ಕಣ್ಣಿಗೆ ಅದು ಭಕ್ತನಾಗಿ ಕಂಡಿತು, ಕನ್ನಡದ ಹಳ್ಳಿಗರ ಕಣ್ಣಿಗೆ ಕುದುರೆಯಾಗಿ ಕಂಡಿತು. ನೀಳವಾದ ಕತ್ತನ್ನೂ ಮೋರೆಯನ್ನೂ ನೋಡಿದವರು ಕುದುರೆಯೇ ಹೆಚ್ಚು ಸರಿಯೆಂದಾರು. ಏಕೆಂದರೆ ಮುಗಿದ ಕೈ ಪ್ರಾರ್ಥನೆಯದಲ್ಲ, ಹೊಂಚಿನದು. ಮುಳ್ಳುಗಳಿಂದ ಕೂಡಿದ ಆ ಮುಂಗಾಲುಗಳು ಚಾಚಿ ನೊಣವನ್ನು ಹಿಡಿದು ಮತ್ತೆ ಮಡಿಚಿಕೊಳ್ಳಲು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲವೂ ಬೇಕಿಲ್ಲ.

ಜೀವಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆಂದು ಕೀಟಗಳನ್ನು ಹಿಡಿದು, ಔಷಧದ ಸೀಸೆಯಲ್ಲಿ ಕೊಂದು, ಸೂಜಿ ಚುಚ್ಚಿ, ಹೆಸರಿನ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಡುವ ಕ್ರಮವನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಆ ಪೆಟ್ಟಿಗೆಯಲ್ಲಿ ಸೂರ್ಯನ ಕುದುರೆಯೂ ಒಂದು ಮೂಲೆಯಲ್ಲಿ, ಕಂದುಬಣ್ಣಕ್ಕೆ ತಿರುಗಿ, ಒಂದು ಕಾಲು ಮುರಿದುಕೊಂಡು ಇರುತ್ತಿತ್ತು. ಅದರಿಂದ ಕಾಲುಗಳೆಷ್ಟು, ರೆಕ್ಕೆಗಳೆಷ್ಟು ಎಂಬುದು ತಿಳಿಯುತ್ತಿತ್ತೇ ಹೊರತು ಅದು ಹೇಗೆ ಬದುಕುತ್ತದೆಂಬುದು ತಿಳಿಯುತ್ತಿರಲಿಲ್ಲ. ಅದೇ ಹುಳುವನ್ನು ಒಂದು ಗಾಜಿನ ಭರಣಿಯಲ್ಲಿ ಐದಾರು ತಿಂಗಳು ಜೀವಂತವಾಗಿ ಸಾಕಿ ನೋಡುವುದು ಸಾಧ್ಯ. ಅದಕ್ಕೆ ಹಣದ ಅವಶ್ಯಕತೆ ಬಹುತೇಕ ಇಲ್ಲ. ಯುರೋಪು, ಅಮೆರಿಕಗಳಲ್ಲಿ ಇದು ನಾಯಿ ಬೆಕ್ಕುಗಳಂತೆ ಸಾಕುವ ಹವ್ಯಾಸವೇ ಆಗಿದೆ. ಅಲ್ಲಿ ಹೊಸಬರಿಗೆಂದು ಮೊದಲು ಕೊಡುವ ಜಾತಿಗಳಲ್ಲಿ ಒಂದು ಹೈರೋಡ್ಯೂಲ ಮೆಂಬ್ರನೇಸಿಯ. ಭಾರತ, ಶ್ರೀಲಂಕಾ ಮೊದಲಾದ ದೇಶಗಳ ಮೂಲನಿವಾಸಿಯಾದ, ದಪ್ಪ ಹೊಟ್ಟೆಯ, ಅಗಲ ರೆಕ್ಕೆಯ ಈ ಹುಳುವನ್ನು ಅಲ್ಲಿಯವರು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅದೇ ಕುಲದವು ಕರ್ನಾಟಕದ ಬೇಲಿ ತೋಟಗಳಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುತ್ತವೆ. ದಕ್ಷಿಣ ಭಾರತದ ಕುರುಚಲು ಕಾಡಿನಲ್ಲಿರುವ, ಪಿಟೀಲಿನ ಆಕಾರದ ಗಾಂಜಿಲಸ್ ಎಂಬುದಕ್ಕೂ ಅಲ್ಲಿ ಬೇಡಿಕೆಯುಂಟು. ಆದರೆ ಹೊಸಬರಿಗೆ ಅದು ತಕ್ಕದ್ದಲ್ಲ. ಹಾರುವ ಬೇಟೆಯನ್ನು ಬಿಟ್ಟು ಬೇರೆಯದನ್ನು ಅದು ಸುಲಭವಾಗಿ ಮುಟ್ಟುವುದಿಲ್ಲ.

ಸಾಕಣೆಯನ್ನು ಆರಂಭಿಸಲು ಎರಡು ದಾರಿಗಳಿವೆ. ಬೇಲಿಯಲ್ಲಿ ಸಿಕ್ಕ ಅರ್ಧ ಬೆಳೆದ ಮರಿಯೊಂದನ್ನು ತರುವುದು ಸುಲಭವಾದುದು. ಮೊಟ್ಟೆಗೂಡನ್ನು ಹುಡುಕಿ ತಂದು ಮರಿ ಮಾಡಿಸುವುದು ಕಷ್ಟವಾದುದು, ಆದರೆ ಹೆಚ್ಚು ಕಲಿಸುವಂಥದು. ಹಸ್ತ, ಚಿತ್ತಿ ಮಳೆಗಳ ಸುಮಾರಿಗೆ ಬೆಳೆದ ಹುಳುಗಳು ಹೆಚ್ಚಾಗಿ ಕಾಣುತ್ತವೆ. ರಾತ್ರಿ ಪಡಸಾಲೆಯ ದೀಪಕ್ಕೆ ಹಾರಿ ಬರುವವು ಬಹುತೇಕ ಗಂಡುಗಳು. ಅಲ್ಲಿಂದ ಮುಂದೆ ಎಳ್ಳಮಾವಾಸ್ಯೆಯವರೆಗೆ ಬೇಲಿಯ ಕಡ್ಡಿಗಳನ್ನೂ, ಲಂಟಾನದ ಒಣಗಿದ ಟೊಂಗೆಗಳನ್ನೂ, ಹಾನಗಲ್ಲ ಕಡೆಯ ಮಾವಿನ ತೋಪಿನ ಅಂಚನ್ನೂ, ಸವಣೂರಿನ ಎಲೆಬಳ್ಳಿ ತೋಟದ ನುಗ್ಗೆ ಚೊಗಚೆಗಳನ್ನೂ ಸಾವಕಾಶವಾಗಿ ನೋಡುತ್ತ ಹೋದರೆ, ಒಣಗಿದ ನೊರೆಯ ಉಂಡೆಯಂತೆ ಕಡ್ಡಿಗೆ ಅಂಟಿಕೊಂಡ ಮೊಟ್ಟೆಗೂಡು ಸಿಗಬಹುದು. ಹೆಣ್ಣು ತನ್ನ ಹೊಟ್ಟೆಯ ತುದಿಯಿಂದ ನೊರೆಯನ್ನು ಹೊರಡಿಸಿ, ಅದರೊಳಗೆ ಸಾಲು ಸಾಲಾಗಿ ಮೊಟ್ಟೆಗಳನ್ನಿಡುತ್ತದೆ. ನೊರೆ ಕೆಲವು ಗಂಟೆಗಳಲ್ಲಿ ಗಟ್ಟಿಯಾಗಿ ಬಿಸಿಲು ಮಳೆಗಳಿಂದ ಮೊಟ್ಟೆಗಳನ್ನು ಕಾಯುತ್ತದೆ. ಗೂಡನ್ನು ಕಿತ್ತು ತರಬಾರದು. ಅದು ಅಂಟಿದ ಕಡ್ಡಿಯನ್ನೇ ಒಂದು ಗೇಣು ಕತ್ತರಿಸಿ ತರಬೇಕು. ಗೂಡಿನ ಪಕ್ಕದಲ್ಲಿ ಸೂಜಿಯಿಂದ ಚುಚ್ಚಿದಂಥ ದುಂಡು ರಂಧ್ರಗಳಿದ್ದರೆ ಅದನ್ನು ಅಲ್ಲಿಯೇ ಬಿಡುವುದು ಲೇಸು. ಮೊಟ್ಟೆಗಳೊಳಗೆ ತನ್ನ ಮೊಟ್ಟೆಯಿಡುವ ಒಂದು ಬಗೆಯ ಸಣ್ಣ ಕಣಜ ಅದಾಗಲೇ ತನ್ನ ಸಂತತಿಯನ್ನು ಬೆಳೆಸಿ ಹೊರಗೆ ಹೋಗಿದೆಯೆಂದು ಅದರ ಅರ್ಥ. ರಂಧ್ರಗಳಿಲ್ಲದ ಗೂಡಿನಿಂದಲೂ ಒಮ್ಮೊಮ್ಮೆ ಮರಿಗಳ ಬದಲು ಈ ಕಣಜಗಳೇ ಹೊರಬೀಳುವುದುಂಟು. ಅದರಿಂದ ಮಕ್ಕಳು ನಿರಾಶರಾಗಬಾರದು. ಬೇಟೆಗಾರನೂ ಬೇಟೆಗೆ ಸಿಕ್ಕುವನೆಂಬ ಪಾಠ ಪುಸ್ತಕದಲ್ಲಿ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

ಗೂಡಿರುವ ಕಡ್ಡಿಯನ್ನು ಗಾಜಿನ ಭರಣಿಯಲ್ಲಿ, ಗೂಡು ನೆಲಕ್ಕೆ ತಾಗದಂತೆ ನಿಲ್ಲಿಸಿ, ಬಾಯಿಗೆ ತೆಳುವಾದ ಬಟ್ಟೆಯನ್ನು ಕಟ್ಟಬೇಕು. ಎರಡು ದಿನಕ್ಕೊಮ್ಮೆ ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಕು. ನೀರು ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಮರಿಗಳು ಹೊರಡುವುದು ಹೆಚ್ಚಾಗಿ ಬೆಳಗಿನ ಹೊತ್ತು. ಒಂದೇ ಗಳಿಗೆಯಲ್ಲಿ ಹತ್ತಾರು, ಕೆಲವು ಜಾತಿಗಳಲ್ಲಿ ನೂರಕ್ಕೂ ಮಿಕ್ಕಿ ಮರಿಗಳು ಸಣ್ಣ ಎಳೆಗಳಿಂದ ಗೂಡಿಗೆ ಜೋತುಬಿದ್ದು, ಮೊದಲ ತೆಳು ಪೊರೆಯನ್ನು ಅಲ್ಲಿಯೇ ಕಳಚಿ, ಎಲ್ಲ ಕಡೆಗೂ ಹರಿದಾಡತೊಡಗುತ್ತವೆ. ಕೆಲವು ಜಾತಿಗಳ ಮರಿಗಳು ಕಪ್ಪಿರುವೆಗಳನ್ನೇ ಹೋಲುತ್ತವೆ. ಇರುವೆಯೆಂದು ಬಗೆದು ಒರೆಸಿ ಹಾಕದಂತೆ ಮನೆಯವರಿಗೆ ಮೊದಲೇ ತಿಳಿಸಿರುವುದು ಒಳ್ಳೆಯದು. ನಿಜವಾದ ಇರುವೆಗಳಿಂದಲೇ ಈ ಕೂಸುಗಳಿಗೆ ಅಪಾಯ. ಅಡಿಗೆಮನೆಯಲ್ಲಿ ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಡುವಂತೆ ಭರಣಿಯನ್ನೂ ಇಟ್ಟರೆ ಆಯಿತು. ಎಲ್ಲ ಮರಿಗಳನ್ನೂ ಸಾಕುತ್ತೇನೆಂಬ ಹಟ ಸಲ್ಲದು. ಒಟ್ಟಿಗೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಅವು ಒಂದನ್ನೊಂದು ತಿನ್ನತೊಡಗುತ್ತವೆ. ಐದಾರನ್ನು ಬೇರೆ ಬೇರೆ ಸೀಸೆಗಳಲ್ಲಿಟ್ಟುಕೊಂಡು ಉಳಿದವನ್ನು ಅದೇ ದಿನ, ಗೂಡು ಸಿಕ್ಕ ಬೇಲಿಗೇ ಒಯ್ದು ಹರಡಿ ಬಿಡತಕ್ಕದ್ದು. ಐದಾರರಲ್ಲಿ ಒಂದೆರಡು ಪೂರ್ಣ ಬೆಳೆದರೂ ಹೊಸಬರಿಗೆ ಅದು ಒಳ್ಳೆಯ ಫಲವೇ.

ಇನ್ನು ಆಹಾರದ ವಿಚಾರ. ಇಲ್ಲಿ ಒಂದು ಕಷ್ಟವಿದೆ. ಅದನ್ನು ಮರೆಮಾಚಿ ಬರೆಯುವುದು ಸರಿಯಲ್ಲ. ಈ ಹುಳು ಜೀವಂತ ಬೇಟೆಯನ್ನಲ್ಲದೆ ಬೇರೆಯದನ್ನು ತಿಂದು ಬದುಕದು. ಅನ್ನದ ಅಗುಳು, ಬೆಲ್ಲದ ನೀರು, ಹಣ್ಣಿನ ಹೋಳು, ಸೊಪ್ಪು ಇವುಗಳನ್ನು ಭರಣಿಯಲ್ಲಿಟ್ಟು, ಹುಳು ಏಕೆ ಸೊರಗುತ್ತಿದೆಯೆಂದು ಕೇಳುವ ಮಕ್ಕಳು ಉಂಟು. ಮಾಂಸವನ್ನು ಮನೆಯೊಳಗೆ ತರದ ಮನೆತನಗಳಲ್ಲಿ, ನೊಣವನ್ನು ಹಿಡಿದು ಇನ್ನೊಂದು ಹುಳುವಿನ ಬಾಯಿಗೆ ಕೊಡುವುದು ಪಾಪವಲ್ಲವೇ ಎಂದು ಅಜ್ಜಿಯೋ ತಾಯಿಯೋ ಕೇಳಿದರೆ, ಆ ಪ್ರಶ್ನೆಯನ್ನು ನಗೆಯಿಂದ ತೇಲಿಸಿಬಿಡಲಾಗದು. ಬೇಲಿಯ ಮೇಲಿದ್ದರೂ ಅದು ತಿನ್ನುತ್ತಿದ್ದುದು ನೊಣವನ್ನೇ ಎಂಬ ಉತ್ತರ ಅರ್ಧ ಮಾತ್ರ ಸರಿ. ಬೇಲಿಯ ಮೇಲೆ ನೊಣಕ್ಕೆ ಹಾರಿಹೋಗುವ ಅವಕಾಶವಿದೆ, ಭರಣಿಯಲ್ಲಿ ಇಲ್ಲ. ಅಲ್ಲಿ ಕೊಡುವ ಕೈ ಮನುಷ್ಯನದು. ಆದ್ದರಿಂದ ಯಾರ ಮನಸ್ಸು ಇದಕ್ಕೆ ಒಪ್ಪುವುದಿಲ್ಲವೋ ಅವರು ಸಾಕುವ ಗೊಡವೆಗೆ ಹೋಗದೆ, ಒಂದೇ ಗಿಡದ ಮೇಲಿನ ಒಂದೇ ಹುಳುವನ್ನು ಪ್ರತಿದಿನ ಹೋಗಿ ನೋಡಿ ಬರಬಹುದು. ಅದರಿಂದಲೂ ಕಲಿಯುವುದು ಬಹಳವಿದೆ. ಆದರೆ ಹುಳುವನ್ನು ತಂದಿಟ್ಟುಕೊಂಡು, ದಯೆಯ ಹೆಸರಿನಲ್ಲಿ ನೊಣ ಕೊಡದೆ ಅದನ್ನು ಹಸಿವಿನಿಂದ ಕೊಲ್ಲುವುದು ಎರಡು ಬಗೆಯಿಂದಲೂ ತಪ್ಪು.

ಮೊದಲ ಎರಡು ಪೊರೆಗಳವರೆಗೆ ಮರಿಗಳಿಗೆ ತಕ್ಕ ಆಹಾರವೆಂದರೆ ಹಣ್ಣಿನ ಸಣ್ಣ ನೊಣ. ಇದನ್ನು ಬೆಳೆಸುವುದು ಅತಿ ಸುಲಭ. ಚೆನ್ನಾಗಿ ಕಳಿತ ಬಾಳೆಹಣ್ಣಿನ ಚೂರನ್ನೋ, ಹಾನಗಲ್ಲ ಭಾಗದಲ್ಲಾದರೆ ಮಾವಿನ ಕಾಲದ ಸಿಪ್ಪೆ ಗೊರಟೆಗಳನ್ನೋ ಒಂದು ಸೀಸೆಯಲ್ಲಿ ಹಾಕಿ, ಒಂದು ದಿನ ತೆರೆದಿಟ್ಟು, ನೊಣಗಳು ಮುತ್ತಿದ ಮೇಲೆ ಬಾಯಿಗೆ ಬಟ್ಟೆ ಕಟ್ಟಬೇಕು. ಇಪ್ಪತ್ತೈದು ಡಿಗ್ರಿಯಷ್ಟು ಬೆಚ್ಚನೆಯ ಹವೆಯಲ್ಲಿ ಸುಮಾರು ಹತ್ತು ದಿನಗಳಲ್ಲಿ ಹೊಸ ತಲೆಮಾರು ಹೊರಡುತ್ತದೆ. ಎರಡು ಸೀಸೆಗಳನ್ನು ಒಂದು ವಾರದ ಅಂತರದಲ್ಲಿ ಹೂಡಿದರೆ ಆಹಾರಕ್ಕೆ ಕೊರತೆ ಬಾರದು. ಹುಳು ಬೆಳೆದಂತೆ ಮನೆಯ ನೊಣ, ದೀಪಕ್ಕೆ ಬರುವ ಪತಂಗ, ಎಳೆಯ ಮಿಡತೆ ಇವನ್ನು ಕೊಡಬಹುದು; ಬೇಟೆ ಹುಳುವಿನ ಉದ್ದದ ಅರ್ಧಕ್ಕಿಂತ ದೊಡ್ಡದಾಗಿರಬಾರದು. ಇರುವೆ, ಜೇನ್ನೊಣ, ಕಣಜ ಬೇಡ. ಮರಿಗೆ ದಿನಕ್ಕೆ ಎರಡು ಮೂರು ಸಣ್ಣ ನೊಣ, ಬೆಳೆದದ್ದಕ್ಕೆ ಎರಡು ಮೂರು ದಿನಕ್ಕೊಮ್ಮೆ ಒಂದು ದೊಡ್ಡ ಬೇಟೆ ಸಾಕು. ಲೆಕ್ಕಕ್ಕಿಂತ ಹೊಟ್ಟೆಯನ್ನು ನೋಡುವುದೇ ಉತ್ತಮ: ಚಪ್ಪಟೆಯಾಗಿದ್ದರೆ ಹಸಿದಿದೆ, ಉಬ್ಬಿದ್ದರೆ ನಿಲ್ಲಿಸಬೇಕು. ಅತಿಯಾಗಿ ಉಂಡು ಭಾರವಾದ ಹುಳು ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುವ ಸಂಭವವಿದೆ.

ಮನೆಯ ವಿಷಯದಲ್ಲಿ ಹೊಸಬರು ಮಾಡುವ ತಪ್ಪು ಒಂದೇ. ಅಂದವಾದ, ಆದರೆ ಗಿಡ್ಡವಾದ ಡಬ್ಬಿಯನ್ನು ಆರಿಸುವುದು. ಇದಕ್ಕೆ ಬೇಕಾದುದು ಅಗಲವಲ್ಲ, ಎತ್ತರ. ಹುಳುವಿನ ಉದ್ದದ ಮೂರರಷ್ಟು ಎತ್ತರ, ಎರಡರಷ್ಟು ಅಗಲವಿರಬೇಕು. ಮುಚ್ಚಳಕ್ಕೆ ಬದಲಾಗಿ ಸೊಳ್ಳೆ ಪರದೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಬೇಕು. ಹುಳು ತನ್ನ ಕಾಲಿನ ಕೊಕ್ಕೆಗಳಿಂದ ಅದಕ್ಕೆ ಜೋತುಬೀಳುತ್ತದೆ, ನುಣುಪಾದ ಪ್ಲಾಸ್ಟಿಕ್ ಮುಚ್ಚಳವಾದರೆ ಜಾರುತ್ತದೆ. ಹಳೆಯ ಕಂದೀಲಿನ ಗಾಜು ಮನೆಯಲ್ಲಿ ಬಿದ್ದಿದ್ದರೆ ಎರಡೂ ಬಾಯಿಗೆ ಬಟ್ಟೆ ಕಟ್ಟಿ ಎಳೆಯ ಮರಿಗೆ ಬಳಸಬಹುದು; ಕೀಟಶಾಸ್ತ್ರದ ಪ್ರಯೋಗಾಲಯಗಳಲ್ಲಿಯೂ ಇಂಥ ಗಾಜುಗಳಲ್ಲಿ ಹುಳು ಸಾಕುವ ರೂಢಿಯುಂಟು. ಒಳಗೆ ಓರೆಯಾಗಿ ಒಂದು ಒರಟು ಕಡ್ಡಿ, ತಳಕ್ಕೆ ಒಂದು ಪದರ ಕಾಗದ. ಬೆಳಿಗ್ಗೆ ಕಡ್ಡಿಯ ಮೇಲೆ ನಾಲ್ಕು ಹನಿ ನೀರು. ಅದನ್ನು ಹುಳು ಬಾಯಿಟ್ಟು ಕುಡಿಯುವುದನ್ನು ಕಾಣಬಹುದು. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಗಾಜಿನ ಭರಣಿಯನ್ನು ಕಿಟಕಿಯಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಹುಳು ಬೆಂದುಹೋದೀತು. ಮನೆಯಲ್ಲಿ ರೇಷ್ಮೆ ಹುಳು ಸಾಕಿದ ಅನುಭವವುಳ್ಳವರಿಗೆ ಸ್ವಚ್ಛತೆ, ಗಾಳಿ, ತೇವ ಇವುಗಳ ಮರ್ಮವನ್ನು ಹೊಸದಾಗಿ ಹೇಳಬೇಕಾಗಿಲ್ಲ. ವ್ಯತ್ಯಾಸವಿಷ್ಟೇ: ರೇಷ್ಮೆ ಹುಳು ಸಾವಿರದ ಲೆಕ್ಕದಲ್ಲಿ ಒಂದೇ ತಟ್ಟೆಯಲ್ಲಿ ಬಾಳುತ್ತದೆ, ಸೂರ್ಯನ ಕುದುರೆ ಒಂಟಿ.

ಎತ್ತರಕ್ಕೆ ಇಷ್ಟು ಮಹತ್ವವೇಕೆಂಬುದು ಪೊರೆ ಕಳಚುವಾಗ ತಿಳಿಯುತ್ತದೆ. ಕೀಟದ ಚರ್ಮ ಬೆಳೆಯುವುದಿಲ್ಲ. ಮೈ ದೊಡ್ಡದಾದಾಗ ಹಳೆಯ ಚರ್ಮವನ್ನು ಬಿಟ್ಟು ಹೊರಗೆ ಬರಬೇಕು. ಮೊಟ್ಟೆಯಿಂದ ಹೊರಟು ರೆಕ್ಕೆ ಮೂಡುವವರೆಗೆ ಸೂರ್ಯನ ಕುದುರೆ ಸಾಮಾನ್ಯವಾಗಿ ಏಳೆಂಟು ಸಲ ಹೀಗೆ ಮಾಡುತ್ತದೆ. ಎರಡು ಮೂರು ದಿನ ಮುಂಚೆಯೇ ಊಟ ಬಿಡುತ್ತದೆ. ಎದುರಿಗೆ ನೊಣ ಸುಳಿದರೂ ಹಿಂದೆ ಸರಿಯುತ್ತದೆ. ಹೊಸಬರು ಇದನ್ನು ರೋಗವೆಂದು ತಿಳಿದು ಹುಳುವನ್ನು ಎತ್ತಿ ಆಡಿಸುತ್ತಾರೆ, ಬಲವಂತವಾಗಿ ತಿನ್ನಿಸಲು ನೋಡುತ್ತಾರೆ. ಆಗ ಮಾಡಬೇಕಾದುದು ಒಂದೇ: ಭರಣಿಯೊಳಗಿನ ನೊಣವನ್ನು ತೆಗೆದು, ಸ್ವಲ್ಪ ನೀರು ಚಿಮುಕಿಸಿ, ಕೈ ಕಟ್ಟಿ ಕೂಡುವುದು. ಹುಳು ಮೇಲಿನ ಬಟ್ಟೆಗೆ ಹಿಂಗಾಲುಗಳನ್ನು ಕಚ್ಚಿ ತಲೆಕೆಳಗಾಗಿ ಜೋತುಬೀಳುತ್ತದೆ. ಬೆನ್ನಿನ ಮೇಲೆ, ಕತ್ತಿನ ಹಿಂದೆ ಚರ್ಮ ಬಿರಿಯುತ್ತದೆ. ಆ ಸೀಳಿನಿಂದ ಮೊದಲು ಎದೆ, ತಲೆ, ಅನಂತರ ಮೃದುವಾದ ಮುಂಗಾಲುಗಳು, ಕೂದಲಿಗಿಂತ ತೆಳುವಾದ ಮೀಸೆಗಳು ಒಂದೊಂದಾಗಿ ಹೊರಗೆ ಬರುತ್ತವೆ. ಕೈಗವಸಿನಿಂದ ಬೆರಳುಗಳನ್ನು ಎಳೆದುಕೊಂಡಂತೆ ಕಾಲುಗಳು ಬಿಡುತ್ತವೆ. ಕಡೆಗೆ ಹೊಟ್ಟೆಯ ತುದಿ ಮಾತ್ರ ಹಳೆಯ ಪೊರೆಯಲ್ಲಿ ಸಿಕ್ಕಿ, ಇಡೀ ಮೈ ಗಾಳಿಯಲ್ಲಿ ತೂಗುತ್ತದೆ. ಈ ಸ್ಥಿತಿಯಲ್ಲಿ ಅದರ ಕಾಲುಗಳು ಹಸಿ ಶಾವಿಗೆಯಷ್ಟು ಮೆತ್ತಗಿರುತ್ತವೆ. ಡಬ್ಬಿ ಗಿಡ್ಡವಾಗಿ ತಲೆ ತಳಕ್ಕೆ ತಾಗಿತೋ, ಯಾರಾದರೂ ಭರಣಿಯನ್ನು ಅಲುಗಿಸಿ ಹುಳು ಕೆಳಗೆ ಬಿತ್ತೋ, ಹೇಗೆ ಬಿದ್ದಿತೋ ಹಾಗೆಯೇ ಮೈ ಗಟ್ಟಿಯಾಗುತ್ತದೆ. ಸೊಟ್ಟಗಾದ ಮುಂಗಾಲು ಬೇಟೆ ಹಿಡಿಯಲಾರದು, ಹುಳು ಉಳಿಯದು. ಸಾಕಿದ ಸೂರ್ಯನ ಕುದುರೆಗಳು ಸಾಯುವುದು ಹೆಚ್ಚಾಗಿ ಈ ಅರ್ಧ ಗಂಟೆಯಲ್ಲಿಯೇ.

ಎಲ್ಲವೂ ಸರಿಯಾಗಿ ನಡೆದರೆ ಸ್ವಲ್ಪ ಹೊತ್ತಿನ ಮೇಲೆ ಹುಳು ಮೈಯನ್ನು ಮೇಲಕ್ಕೆ ಮಡಿಚಿ ತನ್ನ ಪೊರೆಯನ್ನೇ ಹಿಡಿದುಕೊಂಡು, ಹೊಟ್ಟೆಯ ತುದಿಯನ್ನು ಬಿಡಿಸಿಕೊಂಡು, ಒಣಗಲು ನಿಲ್ಲುತ್ತದೆ. ಒಂದು ದಿನ ಮುಟ್ಟಬಾರದು, ಆಹಾರವನ್ನೂ ಕೊಡಬಾರದು. ಕಡೆಯ ಪೊರೆಯ ನಂತರ ಸುಕ್ಕುಗಟ್ಟಿದ ರೆಕ್ಕೆಗಳು ಕಣ್ಣೆದುರಿನಲ್ಲಿಯೇ ಬಿಚ್ಚಿಕೊಳ್ಳುವುದನ್ನು ಕಂಡ ವಿದ್ಯಾರ್ಥಿಗೆ ಆ ಅಧ್ಯಾಯವನ್ನು ಮತ್ತೆ ಬಾಯಿಪಾಠ ಮಾಡಿಸಬೇಕಾಗಿಲ್ಲ. ಇನ್ನೂ ಒಂದು ಸಂಗತಿ: ಮರಿಯಾಗಿದ್ದಾಗ ಮುರಿದುಹೋದ ಕಾಲು ಮುಂದಿನ ಪೊರೆಗಳಲ್ಲಿ ಸಣ್ಣದಾಗಿ ಮೂಡಿ, ಕ್ರಮವಾಗಿ ಬೆಳೆಯುತ್ತದೆ. ರೆಕ್ಕೆ ಬಂದ ಮೇಲೆ ಆ ಶಕ್ತಿಯಿಲ್ಲ. ಕಳಚಿದ ಪೊರೆಗಳನ್ನು ಬಿಸುಡದೆ, ತಾರೀಖು ಬರೆದು ಒಂದು ರಟ್ಟಿಗೆ ಸಾಲಾಗಿ ಅಂಟಿಸಿದರೆ, ಒಂದು ಜೀವದ ಬೆಳವಣಿಗೆಯೆಲ್ಲ ಕಣ್ಣಿಗೆ ಕಟ್ಟುತ್ತದೆ. ಸೂಜಿ ಚುಚ್ಚಿದ ಪೆಟ್ಟಿಗೆಗಿಂತ ಶಾಲೆಯ ವಿಜ್ಞಾನ ಕೋಣೆಗೆ ಇದು ಮೇಲಾದ ಅಲಂಕಾರ.

ಪೊರೆಯ ಗಂಡಾಂತರ ಸ್ವಭಾವದಿಂದ ಬಂದುದು. ಎರಡನೆಯ ಗಂಡಾಂತರ ಮನುಷ್ಯನದು. ಸಾಕಿದ ಹುಳು ಇದ್ದಕ್ಕಿದ್ದಂತೆ ಕಾಲು ನಡುಗಿಸುತ್ತ, ಹಿಡಿತ ತಪ್ಪಿ ಬಿದ್ದು, ಒಂದೆರಡು ತಾಸಿನಲ್ಲಿ ಸತ್ತರೆ ಮೊದಲು ಸಂಶಯಿಸಬೇಕಾದುದು ವಿಷವನ್ನು. ಸೊಳ್ಳೆ ಬತ್ತಿ ಹಚ್ಚುವ ಕೋಣೆಯಲ್ಲಿ, ಸೊಳ್ಳೆ ಓಡಿಸುವ ವಿದ್ಯುತ್ ಯಂತ್ರದ ಬಳಿಯಲ್ಲಿ ಭರಣಿಯನ್ನು ಇಡಲೇಬಾರದು. ಔಷಧ ಸಿಂಪಡಿಸಿದ ಅಡಿಗೆಮನೆಯ ಜಿರಳೆಯನ್ನು ಕೊಡಬಾರದು. ಅದಕ್ಕಿಂತ ಮುಖ್ಯವಾಗಿ, ಹೊಲದವರ ಮಾತಿನಲ್ಲಿ ‘ಎಣ್ಣೆ ಹೊಡೆದ’ ಬೆಳೆಯ ಅಂಚಿನಿಂದ ಮಿಡತೆ ಪತಂಗಗಳನ್ನು ಹಿಡಿದು ತರಬಾರದು. ಅರೆಜೀವವಾಗಿ ತೂರಾಡುವ ಬೇಟೆ ಸುಲಭವಾಗಿ ಕೈಗೆ ಸಿಗುತ್ತದೆ. ಹಾಗೆ ಸಿಗುವುದೇ ಅನುಮಾನ ಪಡತಕ್ಕ ಲಕ್ಷಣ.

ಈ ಎಚ್ಚರಿಕೆ ಈ ನಾಲ್ಕು ತಾಲೂಕುಗಳಲ್ಲಿ ಸಣ್ಣದಲ್ಲ. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿ ಬಿ.ಎಚ್. ಕಟರಕಿಯವರ ‘ವರಲಕ್ಷ್ಮಿ’ ಸಂಕರಣ ಹತ್ತಿ ಬಂದ ಮೇಲೆ ರೈತರಿಗೆ ಒಳ್ಳೆಯ ಇಳುವರಿ ದೊರೆಯಿತು. ಜೊತೆಗೆ ಕಾಯಿಕೊರಕದ ಕಾಟವೂ, ಸಿಂಪಡಣೆಯ ಖರ್ಚೂ ಬೆಳೆದವು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಕಾಯಿಕೊರಕಕ್ಕೆ ಹೊಡೆಯುವುದು ಕೆಲಕಾಲ ಇಳಿಯಿತಾದರೂ ರಸಹೀರುವ ಹುಳುಗಳಿಗಾಗಿ ಸಿಂಪಡಣೆ ನಿಲ್ಲಲಿಲ್ಲ. ಇತ್ತ ಗೋವಿನಜೋಳ ಬಹುಕಾಲ ಔಷಧದ ಹಂಗಿಲ್ಲದ ಬೆಳೆಯಾಗಿತ್ತು. 2018ರ ಮೇ ತಿಂಗಳಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ, ಭಾರತದಲ್ಲಿಯೇ ಮೊದಲ ಬಾರಿಗೆ, ಅಮೆರಿಕ ಖಂಡದ ಸೈನಿಕ ಹುಳು ಗೋವಿನಜೋಳದ ಸುಳಿಯಲ್ಲಿ ಕಾಣಿಸಿಕೊಂಡಿತು. ಅಂದಿನಿಂದ ಆ ಬೆಳೆಗೂ ಸಿಂಪಡಣೆ ತಪ್ಪಲಿಲ್ಲ. ರೈತನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಸುಳಿ ತಿಂದುಹೋದ ಹೊಲವನ್ನು ನೋಡಿಕೊಂಡು ಯಾರೂ ಸುಮ್ಮನೆ ಕೂಡಲಾರರು. ಸೂರ್ಯನ ಕುದುರೆಯನ್ನು ಹೊಲಕ್ಕೆ ಬಿಟ್ಟರೆ ಕೀಟಬಾಧೆ ತೊಲಗುವುದೆಂದು ಹೇಳುವುದೂ ಅತಿಶಯೋಕ್ತಿ. ಅದು ಬೆಳೆಯ ವೈರಿಯನ್ನು ತಿಂದಂತೆ ಜೇನ್ನೊಣವನ್ನೂ, ತನ್ನ ಮರಿಗಳನ್ನೂ ತಿನ್ನುತ್ತದೆ. ಆದರೆ ಅದು ಇರುವ ಬದುವಿನಲ್ಲಿ ಅದಕ್ಕೆ ತಿನ್ನಲು ಬೇಕಾದಷ್ಟು ಜೀವಗಳು ಇರಲೇಬೇಕು ಎಂಬುದು ಖಚಿತ. ಹೊಟ್ಟೆ ತುಂಬಿದ ಬೇಟೆಗಾರ ಬದುವಿನ ಆರೋಗ್ಯದ ಗುರುತು.

ಆದಕಾರಣ ಶಿಕ್ಷಕರು ಒಂದು ಸರಳ ಅಧ್ಯಯನವನ್ನು ಇದರೊಡನೆ ಸೇರಿಸಬಹುದು. ಎಳ್ಳಮಾವಾಸ್ಯೆಯ ಹೊತ್ತಿಗೆ, ಸಿಂಪಡಣೆಯಾದ ಹತ್ತಿ ಅಥವಾ ಗೋವಿನಜೋಳದ ಹೊಲದ ಬೇಲಿಯಲ್ಲಿ ನೂರು ಹೆಜ್ಜೆ, ಸಿಂಪಡಣೆಯಾಗದ ಹಿತ್ತಲು ಅಥವಾ ಗಾವಠಾಣದ ಬೇಲಿಯಲ್ಲಿ ನೂರು ಹೆಜ್ಜೆ ನಡೆದು, ಎರಡೂ ಕಡೆಯ ಮೊಟ್ಟೆಗೂಡುಗಳನ್ನು ಮುಟ್ಟದೆ ಎಣಿಸುವುದು. ಗೂಡು ಯಾವ ಗಿಡದ ಮೇಲಿತ್ತು, ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂಬುದನ್ನೂ ಬರೆಯುವುದು. ನಾಲ್ಕೂ ತಾಲೂಕುಗಳ ಮಣ್ಣು, ಮಳೆ ಒಂದೇ ಬಗೆಯಲ್ಲ. ಮಲೆನಾಡಿಗೆ ತಾಗಿದ ಹಾನಗಲ್ಲಿನ ಪಡುವಣ ಅಂಚಿಗೂ ಸವಣೂರಿನ ಎರೆಭೂಮಿಗೂ ಸಿಗುವ ಲೆಕ್ಕ ಬೇರೆಯಾದೀತು. ನಾಲ್ಕಾರು ವರ್ಷ ಒಂದೇ ಬೇಲಿಯನ್ನು ಎಣಿಸಿದರೆ ಮಾತ್ರ ಅಂಕಿಗಳು ಮಾತನಾಡುತ್ತವೆ. ಫಲಿತಾಂಶವನ್ನು ಮೊದಲೇ ನಿಶ್ಚಯಿಸಿಕೊಂಡು ಎಣಿಸಲು ಹೊರಡುವುದು ವಿಜ್ಞಾನವಲ್ಲ.

ಭರಣಿಯ ಮುಂದೆ ಕುಳಿತು ನೋಡತಕ್ಕ ಸಂಗತಿಗಳು ಇನ್ನೂ ಅನೇಕ. ಹುಳುವಿಗೆ ಐದು ಕಣ್ಣುಗಳು: ಎರಡು ದೊಡ್ಡ ಸಂಯುಕ್ತ ಕಣ್ಣು, ಅವುಗಳ ನಡುವೆ ಮೂರು ಚುಕ್ಕೆ ಕಣ್ಣು. ದೊಡ್ಡ ಕಣ್ಣಿನಲ್ಲಿ ಕಪ್ಪು ಬಿಂದುವೊಂದು ನೋಡುವವರು ಸರಿದತ್ತ ಸರಿಯುತ್ತದೆ. ಅದು ಪಾಪೆಯಲ್ಲ; ನೋಡುವವರ ಕಡೆಗೆ ನೇರವಾಗಿ ಮುಖಮಾಡಿದ ಸಣ್ಣ ಕಣ್ಣುಗಳು ಬೆಳಕನ್ನು ಹಿಂದಿರುಗಿಸದೆ ನುಂಗುವುದರಿಂದ ಹಾಗೆ ತೋರುತ್ತದೆ. ಹಗಲು ಹಸುರಾಗಿದ್ದ ಕಣ್ಣು ರಾತ್ರಿ ಕಪ್ಪಾಗುವುದನ್ನು ಯಾರಾದರೂ ಪರೀಕ್ಷಿಸಬಹುದು. ಎರಡು ಕಣ್ಣುಗಳಿಂದ ದೂರವನ್ನು ಅಳೆಯುವ ಶಕ್ತಿ ಈ ಕೀಟಕ್ಕಿದೆಯೆಂದು 1983ರಲ್ಲಿ ಸ್ಯಾಮ್ಯುಯೆಲ್ ರಾಸೆಲ್ ತೋರಿಸಿದನು. 2016ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ತಂಡವೊಂದು ಮ್ಯಾಂಟಿಸ್‌ಗಳ ಮುಖಕ್ಕೆ ಜೇನುಮೇಣದಿಂದ ಪುಟ್ಟ ಬಣ್ಣದ ಕನ್ನಡಕಗಳನ್ನು ಅಂಟಿಸಿ, ತೆರೆಯ ಮೇಲೆ ಕೃತಕ ಹುಳುಗಳನ್ನು ತೋರಿಸಿ ಅದನ್ನು ಮತ್ತೆ ದೃಢಪಡಿಸಿತು. ಆ ತಂಡದ ವಿವೇಕ್ ನಿತ್ಯಾನಂದ ಅವರು ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೀಟಗಳ ಧ್ವನಿಯನ್ನು ಕುರಿತು ಸಂಶೋಧನೆ ನಡೆಸಿದ್ದವರು. ಕಿವಿಯ ಕಥೆ ಇನ್ನೂ ಸೋಜಿಗದ್ದು. ಇವು ಕಿವುಡೆಂದೇ ಬಹುಕಾಲ ತಿಳಿಯಲಾಗಿತ್ತು. 1986ರಲ್ಲಿ ಅಮೆರಿಕದ ಯಾಗರ್ ಮತ್ತು ಹಾಯ್ ಎಂಬವರು ಎದೆಯ ಕೆಳಗೆ ನಟ್ಟನಡುವೆ ಒಂದೇ ಒಂದು ಕಿವಿ ಇರುವುದನ್ನು ಪ್ರಕಟಿಸಿದರು. ಮನುಷ್ಯರಿಗೆ ಕೇಳದ ಬಾವಲಿಯ ಕೂಗು ಅದಕ್ಕೆ ಕೇಳುತ್ತದೆ. ರಾತ್ರಿ ಹಾರುವಾಗ ಆ ಕೂಗು ಕೇಳಿದೊಡನೆ ಹುಳು ನೆಲಕ್ಕೆ ಧುಮುಕಿ ತಪ್ಪಿಸಿಕೊಳ್ಳುತ್ತದೆ.

ಗಂಡು ಹೆಣ್ಣುಗಳನ್ನು ಹೊಟ್ಟೆಯ ಕೆಳಭಾಗದ ಪಟ್ಟಿಗಳಿಂದ ಗುರುತಿಸಬಹುದು: ಹೆಣ್ಣಿಗೆ ಆರು, ಗಂಡಿಗೆ ಎಂಟು. ಕೂಡಿದ ಗಂಡನ್ನು ಹೆಣ್ಣು ತಿನ್ನುತ್ತದೆಂಬ ಮಾತನ್ನು ಫ್ರಾನ್ಸಿನ ಫಾಬ್ರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬರೆದ ವರ್ಣನೆ ಜಗತ್ಪ್ರಸಿದ್ಧಗೊಳಿಸಿತು. ಅದು ಸುಳ್ಳಲ್ಲ, ಆದರೆ ನಿಯಮವೂ ಅಲ್ಲ. ಹಸಿದ ಹೆಣ್ಣು, ಇಕ್ಕಟ್ಟಾದ ಪಂಜರ ಇವೆರಡೂ ಸೇರಿದಾಗ ಹಾಗಾಗುವುದು ಹೆಚ್ಚು. ಹೊಸಬರು ಈ ಪ್ರಯೋಗಕ್ಕೆ ಕೈಹಾಕದಿರುವುದು ಲೇಸು. ಕೆರೆಗಳ ಸಮೀಪ ಹಿಡಿದು ತಂದ ದೊಡ್ಡ ಹುಳುವಿನ ಹೊಟ್ಟೆಯಿಂದ ಒಮ್ಮೊಮ್ಮೆ ಗೇಣುದ್ದದ ಕಪ್ಪು ದಾರದಂಥ ಇನ್ನೊಂದು ಹುಳು ಹೊರಡುವುದುಂಟು. ಒಳಗೇ ಬೆಳೆದು, ಕಡೆಗೆ ಆಶ್ರಯ ಕೊಟ್ಟದ್ದನ್ನೇ ನೀರಿನ ಕಡೆಗೆ ನಡೆಸುವ ಪರೋಪಜೀವಿ ಅದು. ಮನುಷ್ಯರಿಗೆ ಅದರಿಂದ ಭಯವಿಲ್ಲ. ಸೂರ್ಯನ ಕುದುರೆಯಲ್ಲಿಯೂ ವಿಷವಿಲ್ಲ. ಬಲವಾಗಿ ಹಿಡಿದರೆ ಮುಂಗಾಲಿನ ಮುಳ್ಳು ಚುಚ್ಚೀತು, ಅಷ್ಟೇ. ಎತ್ತುವಾಗ ಹಿಡಿಯದೆ, ಮುಂದೆ ಅಂಗೈ ಚಾಚಿ, ಹಿಂದಿನಿಂದ ಮೆಲ್ಲನೆ ಸೋಕಿದರೆ ತಾನಾಗಿಯೇ ಹತ್ತಿ ಬರುತ್ತದೆ. ಹೊರದೇಶದ ಜಾತಿಗಳನ್ನು ತರಿಸಿ ಸಾಕುವುದು, ಅವನ್ನು ಬೇಲಿಗೆ ಬಿಡುವುದು ಮಾತ್ರ ಯಾವ ಕಾರಣಕ್ಕೂ ಸಲ್ಲದು.

ರೆಕ್ಕೆ ಬಂದ ಹುಳು ಇನ್ನು ಕೆಲವೇ ತಿಂಗಳು ಬದುಕುತ್ತದೆ. ಗಂಡನ್ನು ರೆಕ್ಕೆ ಬಂದ ವಾರದಲ್ಲಿಯೇ ಸಂಜೆಯ ಹೊತ್ತು ಬಿಟ್ಟುಬಿಡುವುದು ಉತ್ತಮ. ಹೆಣ್ಣನ್ನು ಕೂಡ ಬಿಡಬಹುದು, ಅಥವಾ ಬೇಲಿಯಿಂದ ಬೆಳೆದದ್ದನ್ನೇ ತಂದಿದ್ದರೆ ಮೊಟ್ಟೆಯಿಡುವವರೆಗೆ ಇಟ್ಟುಕೊಳ್ಳಬಹುದು. ಮೊಟ್ಟೆಯಿಟ್ಟ ಮೇಲೆ ಅದರ ಹಿಡಿತ ಸಡಿಲವಾಗುತ್ತ ಬರುತ್ತದೆ, ಬೇಟೆ ತಪ್ಪುತ್ತದೆ. ಆಗ ನೊಣವನ್ನು ಚಿಮುಟದಿಂದ ಬಾಯಿಯ ಬಳಿ ಹಿಡಿದರೆ ಕೆಲವು ದಿನ ತಿನ್ನುತ್ತದೆ. ಭರಣಿಯ ಕಡ್ಡಿಯ ಮೇಲೆ ಅದು ಕಟ್ಟಿದ ಗೂಡನ್ನು, ಕಡ್ಡಿಯ ಸಮೇತ, ಸಿಂಪಡಣೆಯಿಲ್ಲದ ಬೇಲಿಯೊಂದಕ್ಕೆ ಒಯ್ದು, ಆಡು ಮೇಯದಷ್ಟು ಎತ್ತರದಲ್ಲಿ, ಗೂಡಿನ ಮುಖ ಮೊದಲಿದ್ದ ದಿಕ್ಕಿಗೇ ಇರುವಂತೆ ಬಾಳೆಯ ನಾರಿನಿಂದ ಕಟ್ಟಿ ಬರಬೇಕು.